ಹೆಬ್ಬೆರಳಿನ ಹೊಲಿಗೆ

ಮಾರ್ಚ್ ೯

ತಮ್ಮಾ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಇಲ್ಲವೇ "ಸಭೆ ಇದೆ ಅಕ್ಕ" ಎಂದು ಇಟ್ಟೇಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅರ್ಧಕ್ಕೇ ಶಾಲೆ ಬಿಟ್ಟವಳ ಅಕ್ಷರ. ಓದುವುದು ಕಷ್ಟವಾದರೆ ನಿನ್ನ ಕಾರ್ಮಿಕ ಸಂಘದ ಪಂಡಿತರ ಹತ್ತಿರ ಓದಿಸಿಕೋ.

ಹೋದ ವಾರ ನಿಮ್ಮ ಫ್ಯಾಕ್ಟರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಕಂಪನಿಯವರೇ ಕಾರು ಕಳಿಸಿದ್ದರು. ಗೇಟಿನಲ್ಲಿ ನಾನು ಇಳಿಯುವಾಗ ಕಾವಲಿನವನು ಎದ್ದು ನಿಂತ. ಅದೇ ಗೇಟಿನಲ್ಲಿ ಮೂವತ್ತು ವರ್ಷ ಚೀಲ ಬಿಚ್ಚಿ ತೋರಿಸಿ ಒಳಗೆ ಹೋದವಳು ನಾನು. ಹೊಸ ಮ್ಯಾನೇಜರ್ ಬಾಗಿಲಿಗೇ ಬಂದು, "ಬನ್ನಿ ಅಮ್ಮ, ಹೊಸ ಹುಡುಗೀರಿಗೆ ತೋರಿಸೋಕೆ ನಿಮ್ಮಂಥ ಕೈ ಈ ಕಂಪನೀಲಿ ಇನ್ನೊಂದಿಲ್ಲ" ಎಂದ. ಕೆಲಸದಲ್ಲಿದ್ದಾಗ ನನ್ನ ಹೆಸರೂ ಗೊತ್ತಿಲ್ಲದ ಜನ!

ಹೊಲಿಗೆ ಹಾಲಿನಲ್ಲಿ, ಕಿಟಕಿ ಪಕ್ಕದ ನನ್ನ ಹಳೆಯ ಜಾಗದಲ್ಲೇ ಕೂರಿಸಿದರು. ಹೊಸ ಮಷೀನು. ಬೆಸುಗೆಯವರು ಹಾಕಿಕೊಳ್ಳುವ ಅದೇ ದಪ್ಪ ತೊಗಲಿನ ಕೈಗವಸು. ಆದರೆ ತೊಗಲು ಎಂಥದ್ದು ಅಂತೀಯ, ಬೆಣ್ಣೆ! ಒಂದು ಗಂಟೆ ಹೊಲಿದೆ. ಹೆಬ್ಬೆರಳು ಕೂಡಿಸುವ ಕಡೆ ಎಲ್ಲರೂ ಮುಗ್ಗರಿಸುತ್ತಾರಲ್ಲ, ಅಲ್ಲಿ ನನ್ನ ಕೈ ಒಮ್ಮೆಯೂ ನಿಲ್ಲಲಿಲ್ಲ. ಬಿಳಿ ಶರ್ಟಿನವನೊಬ್ಬ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಿದ್ದ. ಮುಗಿದ ಮೇಲೆ ಅವನ ಮುಖ ನೋಡಬೇಕಿತ್ತು, ದೆವ್ವ ಕಂಡವನ ಹಾಗಿತ್ತು. ಹೂಗುಚ್ಛ ಕೊಟ್ಟರು, ಫೋಟೋ ತೆಗೆದರು.

ನಿನ್ನ ಸಂಘದ ಮಹಾನುಭಾವರೂ ನೋಡಿದರು. ತೊಗಲಿನ ರಾಶಿಯ ಮೇಲೆ ಮಲಗುವ ಆ ನಿಮ್ಮ 'ಆಕಳಿಕೆ', ಕಂಪನಿ ಕೆಲಸದಿಂದ ತೆಗೆದಾಗ ನೀನು ಧರಣಿ ಕೂತು ವಾಪಸು ಸೇರಿಸಿದೆಯಲ್ಲ, ಅವನೂ ಎದ್ದು ನೋಡಿದ. ಅವನು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಲಗಿದವನ ಸಂಬಳ ಎದ್ದವರ ಬೆವರಿನಿಂದ ಬರುತ್ತದೆ ತಮ್ಮಾ. ಅದನ್ನು ನ್ಯಾಯ ಎಂದು ಕರೆಯುವುದಕ್ಕೆ ನಿನ್ನಂಥ ಸೆಕ್ರೆಟರಿಗೇ ಸಾಧ್ಯ.

ನೀನು ಆ ದಿನ ಲೇಬರ್ ಆಫೀಸಿಗೆ ಹೋಗಿದ್ದೆಯಂತೆ. ಒಳ್ಳೆಯದೇ ಆಯಿತು. ಇದ್ದಿದ್ದರೆ ನನ್ನ ಕೈಗೂ ಧರಣಿ ಮಾಡಿಸುತ್ತಿದ್ದೆ.

ನಿನ್ನ
ಅಕ್ಕ

*

ಮಾರ್ಚ್ ೨೧

ಅಕ್ಕ,

ನಿನ್ನ ಕಾಗದ ಮೂರು ಸಲ ಓದಿದೆ. ಬೈಗುಳ ಬದಿಗಿಟ್ಟು ಕೇಳುತ್ತೇನೆ, ನೀನೂ ಸಿಟ್ಟು ಬದಿಗಿಟ್ಟು ಉತ್ತರ ಕೊಡು.

ತೊಗಲು ಬೆಣ್ಣೆಯ ಹಾಗಿತ್ತು ಎಂದು ಬರೆದಿದ್ದೀಯ. ಬೆನ್ನಿನ ತೊಗಲು ಮಾತ್ರ ಆರಿಸಿ ಕೊಟ್ಟಿದ್ದರೇ? ಕುತ್ತಿಗೆಯ ಗಡಸು ತುಂಡು ಒಂದಾದರೂ ಇತ್ತೇ? ದಾರ ಮುಗಿದಾಗ ಬದಲಿಸಿದವರು ಯಾರು, ನೀನೋ ಬೇರೆಯವರೋ? ಬದಲಿಸುವಾಗ ಬಿಳಿ ಶರ್ಟಿನವನು ಗಡಿಯಾರ ನಿಲ್ಲಿಸಿದನೇ? ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡರೇ?

ನಾನು ಲೇಬರ್ ಆಫೀಸಿಗೆ ಹೋಗುವ ದಿನ ಮ್ಯಾನೇಜರನಿಗೆ ಮೊದಲೇ ಗೊತ್ತಿತ್ತು.

ತಮ್ಮ

*

ಏಪ್ರಿಲ್ ೨

ಸೆಕ್ರೆಟರಿ ಸಾಹೇಬರೇ,

ಅಕ್ಕನ ಕೈ ಹೇಗಿದೆ, ಮೊಣಕಾಲು ಹೇಗಿದೆ ಎಂದು ಕೇಳಲಿಲ್ಲ. ಪೊಲೀಸರ ಹಾಗೆ ಪ್ರಶ್ನೆ ಕೇಳಿದ್ದೀರಿ. ಆಗಲಿ, ಹೇಳಿಕೆ ಬರೆದುಕೊಳ್ಳಿ.

ತೊಗಲು ಎಲ್ಲ ಬೆನ್ನಿನದೇ. ಮನೆಗೆ ಕರೆದ ಅತಿಥಿಗೆ ಮುರುಕು ತಟ್ಟೆಯಲ್ಲಿ ಬಡಿಸುತ್ತಾರೆಯೇ? ದಾರ ಒಬ್ಬ ಹುಡುಗಿ ಬದಲಿಸಿದಳು. ಗಡಿಯಾರ ನಿಲ್ಲಿಸಿದನೋ ಓಡಿಸಿದನೋ ನಾನು ನೋಡಲಿಲ್ಲ, ಹೊಲಿಯುವಾಗ ನಾನು ಹೊಲಿಗೆ ನೋಡುತ್ತೇನೆ. ಸಹಿ ಹಾಕಿದೆ. ಫೋಟೋ ತೆಗೆಯುವುದಕ್ಕೆ ಒಪ್ಪಿಗೆ ಎಂದರು.

ನಿನ್ನ ಹೊಟ್ಟೆಯುರಿ ಯಾಕೆಂದು ನನಗೆ ಗೊತ್ತು. ಗಡಿಯಾರದವನು ಹಾಲಿಗೆ ಬಂದ ಕೂಡಲೇ ನೀವೆಲ್ಲ 'ಕೈ ಭಾರ' ಮಾಡುತ್ತೀರಿ. ಸೂಜಿಗೆ ದಾರ ಸಿಗುವುದಿಲ್ಲ, ಕತ್ತರಿ ಕಾಣುವುದಿಲ್ಲ, ಕಣ್ಣಿಗೆ ಧೂಳು ಬೀಳುತ್ತದೆ. ಅವನು ಅತ್ತ ಹೋದದ್ದೇ ತಡ, ಮಷೀನು ರೈಲಿನ ಹಾಗೆ ಓಡುತ್ತದೆ. ಮೂವತ್ತು ವರ್ಷ ಆ ನಾಟಕ ನೋಡಿದ್ದೇನೆ. ಒಂದು ದಿನವೂ ಅದರಲ್ಲಿ ಪಾತ್ರ ಮಾಡಲಿಲ್ಲ, ನಿಮಗೆ ಒಂದು ಕಾಸು ಚಂದಾ ಕೊಡಲಿಲ್ಲ. ಅದಕ್ಕೇ ತಾನೇ ಊಟದ ಹೊತ್ತಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ? ಬೇಡ. ಒಬ್ಬಳೇ ಉಂಡರೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೊಲಿಯಲಾರದವರು ಗಡಿಯಾರ ಡೊಂಕು ಎನ್ನುತ್ತಾರೆ.

ಅಕ್ಕ

*

ಏಪ್ರಿಲ್ ೨೮

ಅಕ್ಕ,

ನಿನ್ನೆ ಹಾಲಿನ ಬಾಗಿಲಿಗೆ ನೋಟಿಸ್ ಅಂಟಿಸಿದರು. ನೀನು ಆ ಒಂದು ಗಂಟೆಯಲ್ಲಿ ಹೊಲಿದದ್ದನ್ನು ಇಡೀ ಪಾಳಿಗೆ ಗುಣಿಸಿ, ಇನ್ನು ಮೇಲೆ ಒಬ್ಬೊಬ್ಬಳೂ ದಿನಕ್ಕೆ ಅಷ್ಟು ಜೋಡಿ ಹೊಲಿಯಬೇಕು ಎಂದು ಹಾಕಿದ್ದಾರೆ. ಅಷ್ಟು ಹೊಲಿದರೆ ಹಳೆಯ ದಿನಗೂಲಿ ಸಿಗುತ್ತದೆ. ಕಡಿಮೆಯಾದರೆ ಕೂಲಿ ಕಡಿತ. ಮೂರು ತಿಂಗಳು ಕಡಿಮೆಯಾದರೆ ಮನೆಗೆ. ನೋಟಿಸಿನ ಪಕ್ಕದಲ್ಲಿ ನಿನ್ನ ಫೋಟೋ ಇದೆ, ಹೂಗುಚ್ಛ ಹಿಡಿದುಕೊಂಡಿದ್ದೀಯ. ಕೆಳಗೆ, "ವಯಸ್ಸಾದವರಿಗೆ ಸಾಧ್ಯವಾದದ್ದು ನಿಮಗೇಕೆ ಅಸಾಧ್ಯ?" ಎಂದು ಬರೆದಿದ್ದಾರೆ.

ನೀನು ಸಹಿ ಹಾಕಿದ್ದು ಫೋಟೋಕ್ಕಲ್ಲ. "ನನ್ನ ಮಾಮೂಲಿ ವೇಗ ಇದೇ" ಎಂಬುದಕ್ಕೆ.

ಕೈ ಭಾರ ಮಾಡುವುದನ್ನು ನಾಟಕ ಎನ್ನುತ್ತೀಯ. ಗಡಿಯಾರದ ಮುಂದೆ ಓಡಿ ತೋರಿಸಿದರೆ ಆ ಓಟವೇ ನಾಳೆಯ ನಡಿಗೆಯಾಗುತ್ತದೆ ಅಕ್ಕ. ಇಷ್ಟು ವರ್ಷ ಇದ್ದೂ ಅದೊಂದು ನಿನಗೆ ತಿಳಿಯಲಿಲ್ಲ.

ಹುಡುಗಿಯರು ನಿನ್ನ ಫೋಟೋದ ಕಣ್ಣಿಗೆ ಸೂಜಿ ಚುಚ್ಚಿದ್ದರು. ಸೂಜಿಗಳನ್ನು ನಾನು ತೆಗೆದುಹಾಕಿದೆ.

ತಮ್ಮ

*

ಮೇ ೬

ತಮ್ಮಾ,

ಚುಚ್ಚಲಿ. ಆ ಕಣ್ಣಿನಿಂದಲೇ ಅವರ ವಕ್ರ ಹೊಲಿಗೆ ಎಷ್ಟೋ ಸಲ ಹಿಡಿದಿದ್ದೇನೆ, ಅದರ ಸೇಡು.

ಕಂಪನಿಯವನು ಮೋಸ ಮಾಡಿದ ಎನ್ನುತ್ತೀಯ. ಮಾಡಿದ, ಸರಿ. ನರಿಯನ್ನು ಯಾಕೆ ನರಿ ಎಂದು ಯಾರಾದರೂ ಕೇಳುತ್ತಾರೆಯೇ? ನಾನು ಕೇಳುವುದು ಕಾವಲು ನಾಯಿಯ ವಿಷಯ. ತಿಂಗಳು ತಿಂಗಳು ಚಂದಾ ತಿನ್ನುವ ನಿಮ್ಮ ಸಂಘ ಏನು ಮಾಡುತ್ತಿತ್ತು? ಅಧ್ಯಕ್ಷರು ಕೋಣೆಗೆ ತಣ್ಣನೆ ಗಾಳಿಯ ಯಂತ್ರ ಹಾಕಿಸಿಕೊಂಡರು. ಆಕಳಿಕೆಗೆ ಹಾಸಿಗೆ ಉಳಿಸಿಕೊಟ್ಟಿರಿ. ನೀನಂತೂ ತೊಗಲು ಕತ್ತರಿಸುವವನು, ತಿಂಗಳ ಸಂಬಳದವನು. ಜೋಡಿ ಲೆಕ್ಕದಲ್ಲಿ ಕೂಲಿ ಎಣಿಸುವ ಹೆಂಗಸರ ನೋವು ನಿನ್ನ ಭಾಷಣದಲ್ಲಿ ಬರುತ್ತದೆಯೇ ಹೊರತು ನಿನ್ನ ಅಡುಗೆಮನೆಗೆ ಬರುವುದಿಲ್ಲ. ಊರಿಗೆ ಉಪಕಾರಿ, ಅಕ್ಕನಿಗೆ ಮಾರಿ.

ಒಳ್ಳೆಯ ಕೈ ಇದ್ದವಳಿಗೆ ಸಂಘ ಬೇಡ. ನನಗೆ ಬೇಕಾಗಲಿಲ್ಲ. ಇನ್ನು ಈ ವಿಷಯ ಬರೆಯಬೇಡ.

ಅಕ್ಕ

*

ಜುಲೈ ೧೫

ತಮ್ಮಾ,

ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಿನ್ನ ಹಟ ಎಲ್ಲಿಂದ ಬಂತೆಂದು ನನಗೆ ಗೊತ್ತು, ನಮ್ಮಪ್ಪನದು. ನನಗೆ ಅದು ಬಂದಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಭಾನುವಾರ ನಿಮ್ಮ ಹಾಲಿನಿಂದ ಉದ್ದಕ್ಕ ಬಂದಿದ್ದಳು. ಹೌದು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಅದೇ ಉದ್ದನೆಯ ಹೆಂಗಸು, ಗಂಡ ತೀರಿಹೋದವಳು, ಈಗ ನನ್ನ ಜಾಗದಲ್ಲಿ ಕೂರುವವಳು. ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಬೈಯಲು ಬಂದಿದ್ದಾಳೆ ಎಂದು ನಾನೂ ಸೆರಗು ಬಿಗಿದು ನಿಂತೆ. ಅವಳು ಚೀಲದಿಂದ ತೊಗಲಿನ ತುಂಡು ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕಾವ್ರೇ, ಹೆಬ್ಬೆರಳು ಹೆಂಗೆ ಕೂಡಿಸ್ತೀರ, ತೋರಿಸಿಕೊಡಿ."

"ಯಾಕೆ, ನಿಮ್ಮ ಸಂಘ ಹೇಳಿಕೊಡಲ್ವಾ?" ಅಂದೆ.

"ಅವರು ಮಾತಾಡ್ತಾ ಇದಾರೆ. ಅವರ ಮಾತು ಮುಗಿಯೋ ಹೊತ್ತಿಗೆ ನಾನು ಮನೇಲಿರ್ತೀನಿ. ಎರಡು ತಿಂಗಳು ಕಡಿಮೆ ಬಿದ್ದಿದೆ. ಇನ್ನೊಂದು ಬಿದ್ರೆ ಆಯ್ತು."

"ನನ್ನ ಫೋಟೋಗೆ ಸೂಜಿ ಚುಚ್ಚಿದ್ದು ನೀನೇನಾ?"

"ಒಂದು ಕಣ್ಣು ನಾನೇ. ಇನ್ನೊಂದು ಯಾರೋ ಗೊತ್ತಿಲ್ಲ."

ನಕ್ಕೆ ತಮ್ಮಾ. ಎಷ್ಟು ದಿನವಾಗಿತ್ತೋ.

ಕಂಪನಿಯವರು ಗುಜರಿಗೆ ಹಾಕುವಾಗ ನಾನು ಕೊಂಡುತಂದ ನನ್ನ ಹಳೆಯ ಮಷೀನಿನ ಮುಂದೆ ಕೂರಿಸಿ ಕಲಿಸಿದೆ. ಎಲ್ಲರೂ ತೊಗಲನ್ನು ಎಳೆಯುತ್ತಾರೆ, ನಾನು ಎಡಗೈ ಹೆಬ್ಬೆರಳಿನಿಂದ ತಳ್ಳಿ ತಿರುಗಿಸುತ್ತೇನೆ, ಅಷ್ಟೇ ಗುಟ್ಟು. ಮಧ್ಯಾಹ್ನದೊಳಗೆ ಹಿಡಿದುಬಿಟ್ಟಳು. ಅವಳ ಹೊಲಿಗೆ ನೋಡಿದೆ. ಬೈಯೋಣವೆಂದು ತಿರುವಿ ತಿರುವಿ ನೋಡಿದೆ, ಏನೂ ಸಿಗಲಿಲ್ಲ. ನನ್ನದಕ್ಕಿಂತ ನೇರವಾಗಿದೆ. ನೀನು ಯಾರಿಗೂ ಹೇಳಬೇಡ.

ಆಮೇಲೆ ಕುತ್ತಿಗೆಯ ತೊಗಲು ತೆಗೆದಳು, ದಿನಾ ಕೊಡುವ ಮಾಲು. ಗಡಿಯಾರ ಇಟ್ಟುಕೊಂಡು ಹೊಲಿದಳು. ಸೂಜಿ ಎರಡು ಕಡೆ ಸಿಕ್ಕಿಕೊಂಡಿತು. ಲೆಕ್ಕ ಮುಟ್ಟಲಿಲ್ಲ. "ಏಳು, ನಾನು ತೋರಿಸ್ತೀನಿ" ಎಂದು ಅವಳನ್ನು ಎಬ್ಬಿಸಿ ನಾನು ಕೂತೆ. ಸೂಜಿ ಮುರಿಯಿತು. ಹಳೆಯ ಮಷೀನು, ಅದರದೇ ತಪ್ಪು. ಇನ್ನೊಂದು ಸೂಜಿ ಹಾಕಿದೆ. ಅವಳು, "ಇರಲಿ ಬಿಡಿ ಅಕ್ಕಾವ್ರೇ, ಬಸ್ಸಿಗೆ ಹೊತ್ತಾಯ್ತು" ಎಂದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅವಳು ಸೋಮಾರಿಯಲ್ಲ. ಅಂಥ ಕೈಯನ್ನು ಮನೆಗೆ ಕಳಿಸಿ ಆಕಳಿಕೆಯನ್ನು ಉಳಿಸಿಕೊಳ್ಳುವ ಫ್ಯಾಕ್ಟರಿಗೂ ಸಂಘಕ್ಕೂ ಒಂದೇ ಬೆಂಕಿ ಸಾಕು.

ಏನು ಮಾಡುತ್ತಿದ್ದೀರಿ ನೀವು? ಬರಿ.

ಅಕ್ಕ

*

ಜುಲೈ ೨೪

ಅಕ್ಕ,

ಮುಷ್ಕರ ಮಾಡೋಣವೆಂದು ಅರ್ಧ ಜನ, ಬೇಡವೆಂದು ಅರ್ಧ ಜನ. ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಅಧ್ಯಕ್ಷರಿಗೆ ಕೋಣೆ ತಣ್ಣಗಿದೆ, ಅವಸರವಿಲ್ಲ. ಆಕಳಿಕೆಯ ವಿಷಯದಲ್ಲೂ ಒಪ್ಪುತ್ತೇನೆ. ಆದರೆ ಅವನನ್ನು ವಿಚಾರಣೆಯಿಲ್ಲದೆ ತೆಗೆಯಲು ಬಿಟ್ಟರೆ ನಾಳೆ ಉದ್ದಕ್ಕನನ್ನೂ ವಿಚಾರಣೆಯಿಲ್ಲದೆ ತೆಗೆಯುತ್ತಾರೆ. ಬಾಗಿಲು ಒಂದೇ, ಒಳ್ಳೆಯವರಿಗೆ ಬೇರೆ ಬಾಗಿಲಿಲ್ಲ.

ಲೇಬರ್ ಆಫೀಸರ್ ಮುಂದೆ ವಿಷಯ ಇಟ್ಟಿದ್ದೇವೆ, ತೀರ್ಮಾನವಾಗುವವರೆಗೆ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಕಂಪನಿಯ ಹತ್ತಿರ ಇರುವ ಆಧಾರ ನಿನ್ನ ಒಂದು ಗಂಟೆ, ನಿನ್ನ ಸಹಿ. ಅದನ್ನು ಮುರಿಯಬಲ್ಲವಳು ನೀನೊಬ್ಬಳೇ. ಆಫೀಸರ್ ಎದುರು, ದಿನಾ ಬರುವ ಮಾಲಿನಲ್ಲಿ, ಇಡೀ ಪಾಳಿ ಹೊಲಿದು ತೋರಿಸಬೇಕು. ಕಂಪನಿ ಒಪ್ಪಿದೆ. ಅವರಿಗೆ ನಿನ್ನ ಕೈಯ ಮೇಲೆ ನಮಗಿಂತ ನಂಬಿಕೆ.

ಸಂಘದವರು ನಿನಗೆ ಒಂದು ಮಾತು ತಿಳಿಸಲು ಹೇಳಿದ್ದಾರೆ. ಆ ದಿನ ನೀನು ಸ್ವಲ್ಪ ಕೈ ಭಾರ ಮಾಡಬೇಕು. ಸ್ವಲ್ಪವೇ. ಜೀವಮಾನದಲ್ಲಿ ಒಂದು ಸಲ.

ನಿನ್ನ ಕೈ ಹೇಗಿದೆ ಅಕ್ಕ?

ತಮ್ಮ

*

ಜುಲೈ ೩೦

ತಮ್ಮಾ,

ಬರುತ್ತೇನೆ. ಬಸ್ಸಿನಲ್ಲೇ ಬರುತ್ತೇನೆ, ಯಾರ ಕಾರೂ ಬೇಡ.

ಕೈ ಭಾರ ಮಾಡುವುದಿಲ್ಲ. ಆ ಮಾತು ಹೇಳಿ ಕಳಿಸಿದವರ ನಾಲಿಗೆಗೆ ಎರಡು ಹೊಲಿಗೆ ಹಾಕಬೇಕು, ಅದನ್ನು ಬೇಕಾದರೆ ನಿಧಾನವಾಗಿಯೇ ಹಾಕುತ್ತೇನೆ. ಮೂವತ್ತು ವರ್ಷ ನನ್ನ ಹೊಲಿಗೆಯಲ್ಲಿ ಸುಳ್ಳಿರಲಿಲ್ಲ. ಮುದಿವಯಸ್ಸಿನಲ್ಲಿ ನಿಮ್ಮ ಸಂಘಕ್ಕಾಗಿ ಕಳ್ಳಿಯಾಗಲೇ? ಕೈಲಾದಷ್ಟು ವೇಗವಾಗಿ ಹೊಲಿಯುತ್ತೇನೆ. ಅದರಿಂದ ನಿಮ್ಮ ಕೇಸು ಬಿದ್ದುಹೋದರೆ ಬೀಳಲಿ. ನಿಜದ ಮೇಲೆ ನಿಲ್ಲದ ಕೇಸು ನಿಂತರೆಷ್ಟು, ಬಿದ್ದರೆಷ್ಟು?

ಉದ್ದಕ್ಕನಿಗೆ ಹೇಳು, ಆ ದಿನ ಅವಳ ಜಾಗ ನನಗೆ ಬೇಕು.

ಕೈ ಹೇಗಿದೆ ಎಂದು ಕೇಳಿದ್ದೀಯ. ಇದೆ.

ಅಕ್ಕ

*

ಆಗಸ್ಟ್ ೨೭

ಅಕ್ಕ,

ಗೆದ್ದೆವು! ಆದೇಶ ನಿನ್ನೆ ಬಂತು. ನೋಟಿಸ್ ರದ್ದು. ಇನ್ನು ಮೇಲೆ ಲೆಕ್ಕ ಹಾಕುವುದಾದರೆ ಹತ್ತು ಜನರ ಕೈ ನೋಡಬೇಕು, ಇಡೀ ಪಾಳಿ ನೋಡಬೇಕು, ಎಲ್ಲ ಬಗೆಯ ತೊಗಲೂ ಇರಬೇಕು. ಕಡಿತ ಮಾಡಿದ ಕೂಲಿ ಪೂರ್ತಿ ಬರುವುದಿಲ್ಲ, ಅರ್ಧ ಬರುತ್ತದೆ. ಉದ್ದಕ್ಕ ಕೆಲಸದಲ್ಲೇ ಇದ್ದಾಳೆ.

ಸಂಘದ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ನಿನ್ನದೇ ಮಾತು. "ಸೆಕ್ರೆಟರಿಯ ಅಕ್ಕ ಕೈ ಭಾರ ಮಾಡಲ್ಲ ಮಾಡಲ್ಲ ಅಂತಾನೇ ಎಂಥ ಆಟ ಆಡಿದ್ರು!" ಎನ್ನುತ್ತಾರೆ. ಆ ದಿನ ಆಫೀಸರ್ ಎದುರು ಬೆಳಿಗ್ಗೆ ನೀನು ಗಾಳಿಯ ಹಾಗೆ ಹೊಲಿದೆ. ಮ್ಯಾನೇಜರ್ ನಗುತ್ತಿದ್ದ, ನನ್ನ ಎದೆ ಒಡೆದುಹೋಗಿತ್ತು. ಊಟ ಮುಗಿಸಿ ಬಂದು ನೀನು ಕೈ ಭಾರ ಮಾಡಿದೆಯಲ್ಲ, ಅಬ್ಬಾ! ಮುಖದಲ್ಲಿ ನೋವು, ಬೆರಳಲ್ಲಿ ನಡುಕ. ಅಷ್ಟು ಚೆನ್ನಾಗಿ ನಟಿಸಿದವರನ್ನು ನಾನು ಕಂಡಿಲ್ಲ. ಆಫೀಸರ್ ಒಂದಿಷ್ಟೂ ಅನುಮಾನ ಪಡಲಿಲ್ಲ. ಕೊನೆಗೂ ನೀನು ನಮ್ಮವಳಾದೆ ಅಕ್ಕ.

ಮುಂದಿನ ಭಾನುವಾರ ಸಭೆ ಇದೆ. ನಿನಗೆ ಸನ್ಮಾನ ಮಾಡುತ್ತಾರಂತೆ. ಗೌರವ ಸದಸ್ಯತ್ವವನ್ನೂ ಕೊಡುತ್ತಾರೆ. ಬರಲೇಬೇಕು.

ನಿನ್ನ ತಮ್ಮ

*

ಸೆಪ್ಟೆಂಬರ್ ೫

ತಮ್ಮಾ,

ಅಕ್ಷರ ವಕ್ರವಾಗಿದೆ. ಬಲಗೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ, ಆದರೂ ಅದರಲ್ಲೇ ಬರೆಯುತ್ತಿದ್ದೇನೆ. ಎಡಗೈಯ ಹೆಬ್ಬೆರಳು ಅದಕ್ಕಿಂತ ಕೆಟ್ಟಿದೆ.

ನಾನು ನಟಿಸಲಿಲ್ಲ, ಮುಠ್ಠಾಳ.

ಸಭೆಗೆ ಬರುವುದಿಲ್ಲ. ಸನ್ಮಾನವನ್ನು ಆಕಳಿಕೆಗೆ ಮಾಡಿ, ಕುರ್ಚಿಯಲ್ಲಿ ಅಲ್ಲಾಡದೆ ಕೂರುವ ಅಭ್ಯಾಸ ಅವನಿಗಿದೆ. ಸದಸ್ಯತ್ವವೂ ಬೇಡ. ಅದು ಆಟ, ನಾಟಕ ಎಂದು ಕಚೇರಿಯಲ್ಲಿ ಕೂತು ಬಾಯಿ ಚಪ್ಪರಿಸುತ್ತಿದ್ದೀರಲ್ಲ, ಆ ಮಾತು ಮ್ಯಾನೇಜರನ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ನಿಮ್ಮಲ್ಲಿ ಒಂದು ತಲೆಗಾದರೂ ಹೊಳೆಯಿತೇ? ನಾಳೆಯೇ ಕೇಸು ಮತ್ತೆ ತೆಗೆಸುತ್ತಾನೆ. ಆ ಹೆಂಗಸರ ಕೂಲಿಯನ್ನು ಕೈಯಿಂದ ಗೆದ್ದುಕೊಟ್ಟರೆ ಬಾಯಿಂದ ಕಳೆಯುವವರು ನೀವು. ಬಾಯಿ ಮುಚ್ಚಿ, ಇಲ್ಲವೇ ನಿಜ ಹೇಳಿ. ನಿಜ ಏನೆಂದು ಈಗ ಹೇಳುತ್ತೇನೆ, ಕೇಳು.

ಬೆಳಿಗ್ಗೆ ಗಾಳಿಯ ಹಾಗೆ ಹೊಲಿದದ್ದು ಹೌದು. ಮ್ಯಾನೇಜರ್ ನಕ್ಕದ್ದು ನನಗೂ ಕಂಡಿತು. ನಿನ್ನ ಮುಖ ಬಿಳುಚಿದ್ದೂ ಕಂಡಿತು. ಯಾರ ಮುಖವನ್ನೂ ನೋಡಿ ಕೈ ನಿಲ್ಲಿಸಬಾರದೆಂದು ಹಲ್ಲು ಕಚ್ಚಿ ಹೊಲಿದೆ. ಊಟದ ಹೊತ್ತಿಗೆ ಹೆಬ್ಬೆರಳು ಊದಿತ್ತು. ಮತ್ತೆ ಕೂತಾಗ ಕುತ್ತಿಗೆಯ ತೊಗಲು ಬಂತು. ತಳ್ಳಿದೆ, ತಿರುಗಲಿಲ್ಲ. ಇನ್ನೂ ಜೋರಾಗಿ ತಳ್ಳಿದೆ, ಬೆರಳೇ ತಿರುಗಿತು. ಆಮೇಲೆ ಒಂದೊಂದು ಜೋಡಿಯೂ ಹತ್ತಿದ ಬೆಟ್ಟ. ನನ್ನಿಂದಾದ ಅತಿ ಹೆಚ್ಚಿನ ವೇಗ ಅದು ತಮ್ಮಾ, ನೀನು ಕಂಡ ಆ ನಿಧಾನ. ನಮ್ಮ ಹಾಲಿನ ಅತಿ ಮಂದ ಹುಡುಗಿಗಿಂತ ಕಡಿಮೆ. ಆಫೀಸರ್, "ಸಾಕಾ ಅಮ್ಮ, ನಿಲ್ಲಿಸೋಣವಾ?" ಎಂದು ಕೇಳಿದ. "ಗಂಟೆ ಹೊಡೀಲಿ" ಎಂದೆ. ಅಷ್ಟು ಹೇಳುವುದಕ್ಕೂ ಉಸಿರಿರಲಿಲ್ಲ.

ನೀನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಸಂಘದ ಗಂಡಸರೆಲ್ಲ ಸಾಲಾಗಿ ನಿಂತು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದಿರಿ. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ, ನಿನ್ನ ಕಾಗದ ಬಂದ ಮೇಲೆ ತಿಳಿಯಿತು. ಜೀವನವಿಡೀ ತೊಗಲು ಕತ್ತರಿಸಿದವನು, ನನ್ನ ಒಡಹುಟ್ಟಿದವನು, ನಿಲ್ಲಿಸಿದ ಕೈ ಯಾವುದು, ನಿಂತುಹೋದ ಕೈ ಯಾವುದು ಎಂದು ನಿನಗೆ ಗೊತ್ತಾಗಲಿಲ್ಲ. ನಮ್ಮವಳಾದೆ ಎಂದು ಬರೆದಿದ್ದೀಯ. ನಿಮ್ಮವಳಂತೂ ಅಲ್ಲ.

ಹಾಲಿನ ಹೆಂಗಸರಿಗೆ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ನನಗೆ ಹೇಗೆ ತಿಳಿಯಿತು ಎನ್ನುತ್ತೀಯ? ಹಾಲಿಗೆ ಹಾಲೇ ಅಲ್ಲಿ ಕೂತಿತ್ತು. ಬೆಳಿಗ್ಗೆ ನಾನು ಓಡುತ್ತಿದ್ದಾಗ ಒಬ್ಬೊಬ್ಬಳೂ ಕತ್ತೆತ್ತಿ ನನ್ನನ್ನು ಕೊಲ್ಲುವ ಹಾಗೆ ನೋಡುತ್ತಿದ್ದಳು. ಮಧ್ಯಾಹ್ನ ಬೆರಳು ತಿರುಗಿದ ಮೇಲೆ, ಗಂಟೆ ಹೊಡೆಯುವವರೆಗೆ, ಅಷ್ಟು ಹೆಂಗಸರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ಉದ್ದಕ್ಕ ಪಕ್ಕದಲ್ಲೇ ನಿಂತಿದ್ದಳು, ಅವಳು ಗೋಡೆಯ ಕಡೆ ತಿರುಗಿಕೊಂಡಳು. ಸೋತ ನನ್ನ ಕೈಯನ್ನು ನೋಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಒಟ್ಟಿಗೇ ನೋಡದೆ ಇದ್ದರು.

ನಿನ್ನ ಸಭೆಯಲ್ಲಿ ಅದರ ಬಗ್ಗೆ ಭಾಷಣ ಮಾಡಬೇಡ. ಕೆಡಿಸಿಬಿಡುತ್ತೀಯ.

ಅಕ್ಕ